ಹಳೆಯ ಕಾರಿನ ಗಾಲಿ ಬಿಚ್ಚುವ ಮುನ್ನ

1906ರ ಜೂನ್ 26 ಮತ್ತು 27ರಂದು ಫ್ರಾನ್ಸಿನ ಲ ಮಾನ್ ಊರಿನ ಹೊರಗೆ ಮೊದಲ ಗ್ರಾಂಡ್ ಪ್ರಿ ಓಟ ನಡೆಯಿತು. ಬಿಸಿಲಿನ ಝಳಕ್ಕೆ ರಸ್ತೆಯ ಡಾಂಬರು ಕರಗಿತ್ತು, ಟೈರುಗಳು ಒಂದರ ಹಿಂದೊಂದು ಒಡೆಯುತ್ತಿದ್ದವು. ಚಾಲಕ ಮತ್ತು ಅವನ ಪಕ್ಕ ಕೂತ ಮೆಕ್ಯಾನಿಕ್ ಬಿಟ್ಟು ಬೇರೆ ಯಾರೂ ಕಾರು ಮುಟ್ಟುವಂತಿರಲಿಲ್ಲ. ಹಾಳಾದ ಟೈರನ್ನು ಚಾಕುವಿನಿಂದ ಕೊಯ್ದು ಕಿತ್ತು, ಹೊಸದನ್ನು ಬಲವಂತವಾಗಿ ರಿಮ್ಮಿಗೆ ಏರಿಸುವಷ್ಟರಲ್ಲಿ ಸುಮಾರು ಹದಿನೈದು ನಿಮಿಷ ಕಳೆಯುತ್ತಿತ್ತು. ಮಿಶೆಲಿನ್ ಕಂಪನಿ ಆ ಓಟಕ್ಕೆ ಕಳಚಬಹುದಾದ ರಿಮ್ ತಂದಿತ್ತು. ಅದರ ಮೇಲೆ ಗಾಳಿ ತುಂಬಿದ ಟೈರು ಮೊದಲೇ ಸಿದ್ಧವಾಗಿ ಕೂತಿರುತ್ತಿತ್ತು. ನಟ್ಟುಗಳನ್ನು ಬಿಚ್ಚಿ ಹಳೆಯದನ್ನು ತೆಗೆದು ಹೊಸದನ್ನು ಬಿಗಿದರೆ ನಾಲ್ಕು ನಿಮಿಷದೊಳಗೆ ಕೆಲಸ ಮುಗಿಯುತ್ತಿತ್ತು. ರೆನೋ ಕಾರಿನ ಹಿಂಗಾಲಿಗಳಿಗೆ ಈ ರಿಮ್ ಹಾಕಿಕೊಂಡಿದ್ದ ಹಂಗೇರಿ ಮೂಲದ ಫೆರೆಂಕ್ ಸಿಸ್, 1,200 ಕಿಲೋಮೀಟರಿಗೂ ಹೆಚ್ಚಿನ ಓಟವನ್ನು ಅರ್ಧ ಗಂಟೆಗಿಂತ ಹೆಚ್ಚಿನ ಅಂತರದಲ್ಲಿ ಗೆದ್ದ. ಎಂಜಿನ್ನಿಗೆ ಸಲ್ಲುವಷ್ಟೇ ಶ್ರೇಯ ಆ ರಿಮ್ಮಿಗೂ ಸಲ್ಲಬೇಕು.

ಸಾಮಾನ್ಯ ಮಾಲೀಕನಿಗೆ ಈ ಭಾಗ್ಯ ಬೇಗ ಸಿಗಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿಗೆ ಸ್ಟೆಪ್ನಿಯೇ ಇರಲಿಲ್ಲ. ಮರದ ಕಡ್ಡಿಗಳ ಗಾಲಿಯನ್ನು ದಾರಿಯಲ್ಲಿ ಬಿಚ್ಚುವ ಮಾತೇ ಇಲ್ಲ. ಪಂಕ್ಚರ್ ಆದರೆ ಜಾಕಿ ಕೊಟ್ಟು ಎತ್ತಿ, ಗಾಲಿ ಕಾರಿನಲ್ಲಿರುವಂತೆಯೇ ಲಿವರಿನಿಂದ ಟೈರಿನ ಅಂಚು ಎಬ್ಬಿಸಿ, ಟ್ಯೂಬ್ ಎಳೆದು, ಪ್ಯಾಚ್ ಹಾಕಿ, ಮತ್ತೆ ಒಳಗೆ ಸೇರಿಸಿ ಕೈಪಂಪಿನಿಂದ ಗಾಳಿ ಹೊಡೆಯಬೇಕಿತ್ತು. ಸಾಲದ್ದಕ್ಕೆ ಮುಂದಿನ ಟೈರು ಮೂರು ಇಂಚು ದಪ್ಪದ್ದು, ಹಿಂದಿನದು ಮೂರೂವರೆ ಇಂಚಿನದು. ಟ್ಯೂಬನ್ನೂ ಎರಡು ಅಳತೆಯಲ್ಲಿ ಹೊತ್ತೊಯ್ಯಬೇಕು. ಕಳಚುವ ರಿಮ್ ಈ ಕಾರಿಗೆ ಸಿಕ್ಕಿದ್ದು 1919ರಲ್ಲಿ.

ಆ ಕಾಲದ ಟೈರಿನ ಸ್ವಭಾವವನ್ನು ಇಲ್ಲಿ ತಿಳಿಯಲೇಬೇಕು. ಕ್ಲಿಂಚರ್ ಎಂದು ಕರೆಯುವ ಈ ಟೈರಿನ ಅಂಚಿನಲ್ಲಿ ಈಗಿನಂತೆ ಉಕ್ಕಿನ ತಂತಿ ಇಲ್ಲ. ರಬ್ಬರಿನ ಅಂಚು ರಿಮ್ಮಿನ ಮಡಚಿದ ತುಟಿಯೊಳಗೆ ಸಿಕ್ಕಿಕೊಂಡಿರುತ್ತದೆ, ಅದನ್ನು ಹಿಡಿದಿಡುವುದು ಒಳಗಿನ ಗಾಳಿ. ಹಾಗಾಗಿ ಸುಮಾರು ಅರವತ್ತು ಪೌಂಡ್ ಒತ್ತಡ ಬೇಕೇಬೇಕು. ಸವಾರಿ ಮೆತ್ತಗಿರಲಿ ಎಂದು ಗಾಳಿ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ ಬಿಟ್ಟು ಹೊರಬರಬಹುದು. ಟೈರು ರಿಮ್ಮಿನ ಮೇಲೆ ಜಾರಿದರೆ ಟ್ಯೂಬಿನ ವಾಲ್ವ್ ಬುಡದಲ್ಲೇ ಹರಿಯುತ್ತದೆ. ಆದ್ದರಿಂದ ಈ ಟೈರಿನ ಕಾರು ಹೊರಡುವ ಮುನ್ನ ಪ್ರತಿ ಸಲವೂ ಗಾಳಿ ಅಳೆಯಬೇಕು, ವಾಲ್ವ್ ನೇರವಾಗಿ ನಿಂತಿದೆಯೇ ನೋಡಬೇಕು.

ನಾವು ದಿನವೂ ಹೇಳುವ ಸ್ಟೆಪ್ನಿ ವೇಲ್ಸ್ ದೇಶದ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ ಬಂದದ್ದು. ಅಲ್ಲಿನ ಡೇವಿಸ್ ಸೋದರರು 1904ರ ಹೊತ್ತಿಗೆ ಕಡ್ಡಿಗಳಿಲ್ಲದ ಒಂದು ರಿಮ್ ತಯಾರಿಸಿ, ಅದಕ್ಕೆ ಗಾಳಿ ತುಂಬಿದ ಟೈರು ಕೂರಿಸಿದರು. ಪಂಕ್ಚರ್ ಆದ ಗಾಲಿಯನ್ನು ಬಿಚ್ಚದೆ ಅದರ ಹೊರಮಗ್ಗುಲಿಗೆ ಇದನ್ನು ಕೊಕ್ಕೆಗಳಿಂದ ಬಿಗಿದರೆ ಕಾರು ಹೊರಡುತ್ತಿತ್ತು. ಪೂರ್ತಿ ಗಾಲಿಯನ್ನೇ ಬದಲಿಸುವ ಪದ್ಧತಿ ಬಂದ ಮೇಲೆ ಇದು ಮೂಲೆ ಸೇರಿತು.

ಆ ಪದ್ಧತಿಯ ಅತ್ಯಂತ ಸೊಗಸಾದ ರೂಪ ರಜ್-ವಿಟ್‌ವರ್ತ್ ಕಂಪನಿಯ ತಂತಿಕಡ್ಡಿಯ ಗಾಲಿ. ಹಬ್ಬಿನ ಹಲ್ಲುಗಳ ಮೇಲೆ ಗಾಲಿ ಕೂರುತ್ತದೆ, ನಡುವಿನ ಒಂದೇ ದೊಡ್ಡ ನಟ್ಟು ಅದನ್ನು ಬಿಗಿಹಿಡಿಯುತ್ತದೆ. ಗೊತ್ತಿಲ್ಲದವರು ಎಡವುವುದು ಇಲ್ಲಿಯೇ. ಕಾರಿನ ಎಡಬದಿಯ ನಟ್ಟು ಎಂದಿನಂತೆ ಅಪ್ರದಕ್ಷಿಣವಾಗಿ ಬಿಚ್ಚುತ್ತದೆ. ಬಲಬದಿಯದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ. ಎರಡೂ ಕಡೆ, ಕಾರು ಮುಂದೆ ಹೋಗುವಾಗ ಗಾಲಿ ಉರುಳುವ ದಿಕ್ಕಿಗೆ ಹೊಡೆದರೆ ನಟ್ಟು ಸಡಿಲವಾಗುತ್ತದೆ ಎಂದು ನೆನಪಿಟ್ಟರೆ ಸಾಕು. ಹೀಗೆ ಮಾಡಿದ್ದಕ್ಕೆ ಕಾರಣವಿದೆ: ಕಾರು ಓಡುವಾಗ ನಟ್ಟು ತಾನೇ ಬಿಗಿಯಾಗುತ್ತ ಹೋಗಬೇಕು. ರಿಪೇರಿಯಲ್ಲಿ ಎಡ ಬಲದ ಹಬ್ಬುಗಳು ಅದಲುಬದಲಾದರೆ ಗಾಲಿ ದಾರಿಯಲ್ಲೇ ಕಳಚಿಕೊಳ್ಳಬಹುದು. ಹೊಡೆಯಲು ತಾಮ್ರದ ಅಥವಾ ತೊಗಲಿನ ಸುತ್ತಿಗೆಯೇ ಬೇಕು, ಕಬ್ಬಿಣದ್ದು ನಟ್ಟಿನ ಕಿವಿ ಹಾಳುಮಾಡುತ್ತದೆ. ಹಲ್ಲುಗಳಿಗೆ ಗ್ರೀಸ್ ಹಚ್ಚುವುದನ್ನು ಮರೆಯುವಂತಿಲ್ಲ.

ಜಾಕಿಯನ್ನು ಕಾರಿನ ತಗಡಿನ ಮೈಗೆ ಕೊಡದೆ ಆ್ಯಕ್ಸಲ್ ಕೆಳಗೇ ಕೊಡಬೇಕು. ಕೆಲವು ಹಳೆಯ ಕಾರುಗಳ ಹ್ಯಾಂಡ್‌ಬ್ರೇಕ್ ಗಾಲಿಯನ್ನು ಹಿಡಿಯುವುದಿಲ್ಲ, ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಶಾಫ್ಟನ್ನು ಹಿಡಿಯುತ್ತದೆ. ಅಂಥ ಕಾರಿನ ಒಂದು ಹಿಂಗಾಲಿ ಎತ್ತಿದೊಡನೆ ಡಿಫರೆನ್ಷಿಯಲ್ಲಿನಿಂದಾಗಿ ಬ್ರೇಕ್ ಇದ್ದೂ ಇಲ್ಲದಂತಾಗಿ ಕಾರು ಉರುಳಬಲ್ಲದು. ಮುಂದಿನ ಗಾಲಿಗಳಿಗೆ ಕಲ್ಲು ಅಥವಾ ಮರದ ತುಂಡು ಕೊಡದೆ ಜಾಕಿ ಮುಟ್ಟಬಾರದು. ಟ್ಯೂಬ್ ಕೂರಿಸುವ ಮುನ್ನ ಟೈರಿನೊಳಗೆ ಫ್ರೆಂಚ್ ಚಾಕ್ ಪುಡಿ ಉದುರಿಸಬೇಕು. ತಂತಿಗಾಲಿಯಾದರೆ ಕಡ್ಡಿಗಳ ತುದಿ ಟ್ಯೂಬಿಗೆ ಚುಚ್ಚದಂತೆ ರಿಮ್ ಟೇಪ್ ಇರಲೇಬೇಕು. ಲಾಕ್ ರಿಂಗ್ ಇರುವ ರಿಮ್ಮಿಗೆ ಗಾಳಿ ಹೊಡೆಯುವಾಗ ಎದುರಿಗೆ ನಿಲ್ಲಬಾರದು: ರಿಂಗ್ ಸರಿಯಾಗಿ ಕೂರದಿದ್ದರೆ ಜೀವ ತೆಗೆಯುವ ವೇಗದಲ್ಲಿ ಚಿಮ್ಮುತ್ತದೆ.

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳನ್ನು ನೋಡಲು ಹೋದವರು ದೀಪ, ಹಾರನ್ನುಗಳ ಜೊತೆಗೆ ಗಾಲಿಯ ನಡುಭಾಗವನ್ನೂ ಗಮನಿಸಬೇಕು. ನಟ್ಟು ಒಂದೋ, ಐದೋ, ಕಡ್ಡಿ ಮರದ್ದೋ, ತಂತಿಯದೋ ಎಂಬುದರಲ್ಲಿ ಆ ಕಾರಿನ ಕಾಲ ತಿಳಿಯುತ್ತದೆ.

ಮನೆಯಲ್ಲೇ ಅಂಥ ಕಾರು ಇದ್ದವರಿಗೆ ಒಂದು ಮಾತು. ಎಷ್ಟೋ ವರ್ಷ ನೆಲ ಮುಟ್ಟದ ಸ್ಟೆಪ್ನಿ ನೋಡಲು ಹೊಸದರಂತಿದ್ದರೂ ಅದರ ರಬ್ಬರು ಗಟ್ಟಿಯಾಗಿ ಸೀಳುಬಿಟ್ಟಿರಬಹುದು. ಹಳೆಯ ಅಳತೆಯ ಟೈರುಗಳನ್ನು ಅಮೆರಿಕದ ಕೋಕರ್‌ನಂಥ ಕಂಪನಿಗಳು ಇಂದಿಗೂ ಹೊಸದಾಗಿ ಮಾರುತ್ತಿರುವಾಗ ಸತ್ತ ರಬ್ಬರಿನ ಮೇಲೆ ಓಡಿಸುವ ಅಗತ್ಯವಿಲ್ಲ. ಮುಂದಿನ ರ‍್ಯಾಲಿಗೆ ಹೊರಡುವ ಮುನ್ನ ಸ್ಟೆಪ್ನಿಯನ್ನು ಇಳಿಸಿ, ಗಾಳಿ ನೋಡಿ, ಮನೆಯಂಗಳದಲ್ಲೇ ಒಮ್ಮೆ ಗಾಲಿ ಬಿಚ್ಚಿ ಹಾಕಿ ನೋಡಿ.