ಸಾಲು ಸಾಲಾಗಿ ಹರಿದ ಹರಟೆ

ಐಆರ್‌ಸಿ, ಅಂದರೆ ಇಂಟರ್ನೆಟ್ ರಿಲೇ ಚಾಟ್, ಒಬ್ಬರು ಟೈಪ್ ಮಾಡಿದ ಸಾಲನ್ನು ಅದೇ ಗಳಿಗೆಯಲ್ಲಿ ನೂರಾರು ಮಂದಿಯ ಪರದೆಗೆ ಮುಟ್ಟಿಸುವ ವ್ಯವಸ್ಥೆ. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಒಯ್ಕರಿನೆನ್ 1988ರ ಆಗಸ್ಟ್‌ನಲ್ಲಿ ಇದನ್ನು ಬರೆದರು. ಅವರು ನೋಡಿಕೊಳ್ಳುತ್ತಿದ್ದ ಬುಲೆಟಿನ್ ಬೋರ್ಡಿನಲ್ಲಿ ಮಾತುಕತೆಗೆಂದು ಇದ್ದ ಹಳೆಯ ಪ್ರೋಗ್ರಾಂ ಸಾಲದಾಗಿತ್ತು. ಅದರ ಜಾಗಕ್ಕೆ ಬಂದದ್ದು ಕೆಲವೇ ವರ್ಷಗಳಲ್ಲಿ ಊರು, ದೇಶ ದಾಟಿ, ಪ್ರೋಗ್ರಾಮರುಗಳು ದಿನವಿಡೀ ಕೂತು ಮಾತಾಡುವ ಜಾಗವಾಯಿತು.

ಇದರ ನಿಯಮಗಳು 1993ರ ಮೇ ತಿಂಗಳಲ್ಲಿ ಲಿಖಿತ ರೂಪಕ್ಕೆ ಬಂದವು. ಒಂದು ಸಂದೇಶಕ್ಕೆ ಹೆಚ್ಚೆಂದರೆ 512 ಬೈಟ್, ಅಡ್ಡಹೆಸರಿಗೆ ಹೆಚ್ಚೆಂದರೆ 9 ಅಕ್ಷರ. ಮಾತಿನ ಕೋಣೆಗೆ ಚಾನೆಲ್ ಎಂದು ಹೆಸರು. ಅದರ ಮುಂದೆ # ಗುರುತು. (2007ರಲ್ಲಿ ಟ್ವಿಟರ್‌ಗೆ ಹ್ಯಾಶ್‌ಟ್ಯಾಗ್ ಸೂಚಿಸಿದ ಕ್ರಿಸ್ ಮೆಸಿನಾ ಅವರಿಗೆ ಹೊಳಹು ಕೊಟ್ಟದ್ದು ಇದೇ ಗುರುತು.) ಇಂಗ್ಲಿಷ್ ಬರೆಯುವವರಿಗೆ 512 ಬೈಟ್ ಧಾರಾಳ. ಕನ್ನಡಕ್ಕೆ ಹಾಗಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಕಾಗುಣಿತದ ಗುರುತೂ ಒತ್ತಕ್ಷರ ಕೂಡಿಸುವ ಅರ್ಧಾಕ್ಷರದ ಗುರುತೂ ಬೇರೆ ಬೇರೆ ಲೆಕ್ಕ. ‘ಕನ್ನಡ’ ಎಂಬ ಮೂರಕ್ಷರಕ್ಕೇ 15 ಬೈಟ್ ಖರ್ಚು. ಉದ್ದದ ಕನ್ನಡ ವಾಕ್ಯ ಮಿತಿ ಮೀರಿ ಅಕ್ಷರದ ನಡುವೆಯೇ ತುಂಡಾದರೆ, ಕೊನೆಯಲ್ಲಿ ಅರ್ಥವಿಲ್ಲದ ಗುರುತೊಂದು ಉಳಿಯುತ್ತದೆ. ಅಡ್ಡಹೆಸರನ್ನಂತೂ ಕನ್ನಡ ಲಿಪಿಯಲ್ಲಿ ಇಟ್ಟುಕೊಳ್ಳಲು ಮೂಲ ನಿಯಮದಲ್ಲಿ ಅವಕಾಶವೇ ಇರಲಿಲ್ಲ.

ಇಲ್ಲಿನ ಶಿಷ್ಟಾಚಾರ ಹುಟ್ಟಿದ್ದೂ ಸಾಲು ಸಾಲಾಗಿ ಹರಿಯುವ ಈ ಮಾತಿನ ರೀತಿಯಿಂದಲೇ. ನಲವತ್ತು ಸಾಲಿನ ಕೋಡನ್ನು ಚಾನೆಲ್‌ಗೆ ಸುರಿದರೆ ಉಳಿದವರ ಮಾತೆಲ್ಲ ಪರದೆಯಿಂದ ಮೇಲಕ್ಕೆ ಓಡಿಹೋಗುತ್ತದೆ. ಆದ್ದರಿಂದ ಕೋಡನ್ನು ಬೇರೊಂದು ಪುಟದಲ್ಲಿ ಅಂಟಿಸಿ ಕೊಂಡಿ ಮಾತ್ರ ಕೊಡುವ ರೂಢಿ ಬಂತು. ‘ಒಂದು ಪ್ರಶ್ನೆ ಕೇಳಬಹುದಾ?’ ಎಂದು ಹೊಸಬರು ಬರೆದರೆ ಹಳಬರ ಉತ್ತರ ಒಂದೇ: ಕೇಳಲೇ ಎಂದು ಕೇಳಬೇಡಿ, ನೇರ ಕೇಳಿ. ಒರಟಾಗಿ ಕೇಳಿಸಿದರೂ ಇದಕ್ಕೆ ಕಾರಣವಿದೆ. ಉತ್ತರ ಗೊತ್ತಿರುವವರು ಇನ್ನೊಂದು ಖಂಡದಲ್ಲಿ, ಕೆಲಸದ ನಡುವೆ ಆಗೊಮ್ಮೆ ಈಗೊಮ್ಮೆ ಪರದೆಯತ್ತ ಕಣ್ಣು ಹಾಯಿಸುತ್ತಿರುತ್ತಾರೆ. ಪ್ರಶ್ನೆ ಅಲ್ಲೇ ಇದ್ದರೆ ಉತ್ತರಿಸಿಯಾರು; ಬರೀ ಅನುಮತಿಯ ಕೋರಿಕೆ ಇದ್ದರೆ ಮುಂದೆ ಸಾಗುತ್ತಾರೆ.

ಕೆಲಸದ ಮಾತಿನಷ್ಟೇ ಪಟ್ಟಾಂಗವೂ ಇಲ್ಲಿ ನಡೆಯುತ್ತದೆ. ಯಾವ ಎಡಿಟರ್ ಒಳ್ಳೆಯದು, ಯಾವ ಕೀಬೋರ್ಡಿನ ಸದ್ದು ಹಿತ, ರಾತ್ರಿ ಎಷ್ಟು ಹೊತ್ತು ನಿದ್ದೆಗೆಟ್ಟದ್ದಾಯಿತು ಎಂಬ ಮಾತುಗಳು. ಉಬುಂಟು ಎಂಬ ಮುಕ್ತ ತಂತ್ರಾಂಶದ ಬಳಗ ಇದಕ್ಕೆಂದೇ ‘ಆಫ್‌ಟಾಪಿಕ್’ ಎಂಬ ಪ್ರತ್ಯೇಕ ಚಾನೆಲ್ ಇಟ್ಟುಕೊಂಡಿದೆ. ಇಂಥ ಹರಟೆಯನ್ನು ಕಾಲಹರಣವೆಂದು ತಳ್ಳಿಹಾಕುವುದು ತಪ್ಪು. ಮುಖ ನೋಡದ, ಸಂಬಳವಿಲ್ಲದೆ ದುಡಿಯುವ ಜನ ಒಂದೇ ತಂತ್ರಾಂಶವನ್ನು ವರ್ಷಗಟ್ಟಲೆ ಕಟ್ಟಬೇಕಾದರೆ ಪರಸ್ಪರ ಸಲಿಗೆ ಬೇಕು. ಅದು ಬೆಳೆಯುವುದು ಇಂಥ ಮಾತಿನಲ್ಲೇ.

ಪಶ್ಚಿಮ ಬಂಗಾಳದ ದುರ್ಗಾಪುರದ ಲಿನಕ್ಸ್ ಬಳಗ 2008ರಿಂದ ಬೇಸಿಗೆ ತರಬೇತಿಯನ್ನೇ ಐಆರ್‌ಸಿಯಲ್ಲಿ ನಡೆಸುತ್ತಾ ಬಂತು. ವಿಡಿಯೊ ಇಲ್ಲ, ಧ್ವನಿಯೂ ಇಲ್ಲ. ಬರೀ ಅಕ್ಷರವಾದ್ದರಿಂದ ಕುಂಟುವ ಇಂಟರ್ನೆಟ್ ಸಂಪರ್ಕವೂ ಸಾಕು. ಪಾಠದ ನಡುವೆ ಸಂದೇಹ ಬಂದವರು ಒಂದು ಆಶ್ಚರ್ಯಸೂಚಕ ಚಿಹ್ನೆ ಒತ್ತಿ ಕಾಯಬೇಕು. ಅದು ಕೈ ಎತ್ತಿದಂತೆ. ಸರದಿ ಬಂದಾಗ ಮಾತ್ರ ಪ್ರಶ್ನೆ. ತರಗತಿಗೆ ಬೇಕಾದ ಶಿಸ್ತು ಒಂದೇ ಒಂದು ಕೀಲಿಯಿಂದ ಬಂದುಬಿಟ್ಟಿತು!

ಐಆರ್‌ಸಿಗೆ ಒಂದೇ ಯಜಮಾನ ಇಲ್ಲ. ಹಲವು ಸರ್ವರ್‌ಗಳು ಕೊಂಬೆಗಳಂತೆ ಕೂಡಿಕೊಂಡು ಒಂದು ಜಾಲವಾಗುತ್ತವೆ. ನಡುವಿನ ಕೊಂಡಿ ಕಳಚಿದರೆ ಮಾತಾಡುತ್ತಿದ್ದವರಲ್ಲಿ ಅರ್ಧ ಮಂದಿ ಒಮ್ಮೆಗೇ ಮಾಯ. ‘ನೆಟ್‌ಸ್ಪ್ಲಿಟ್’ ಎನ್ನುವುದು ಇದನ್ನೇ. ಆ ಕಡೆಯವರಿಗೆ ಈ ಕಡೆಯವರು ಹೋದಂತೆ, ಈ ಕಡೆಯವರಿಗೆ ಆ ಕಡೆಯವರು ಹೋದಂತೆ ಕಾಣುತ್ತದೆ. ಬೇರ್ಪಟ್ಟಿದ್ದಾಗ ಎರಡೂ ಕಡೆ ಒಂದೇ ಅಡ್ಡಹೆಸರಿನವರು ಹುಟ್ಟಿಕೊಂಡಿದ್ದರೆ, ಕೊಂಡಿ ಕೂಡಿದ ಕೂಡಲೇ ಮೂಲ ನಿಯಮದ ಪ್ರಕಾರ ಇಬ್ಬರೂ ಹೊರಕ್ಕೆ. ಮನುಷ್ಯರ ಜಗಳದಿಂದಲೂ ಜಾಲಗಳು ಒಡೆದಿವೆ: 1990ರಲ್ಲಿ ಈಎಫ್‌ನೆಟ್ ಬೇರೆಯಾಯಿತು, 1996ರಲ್ಲಿ ಅದರಿಂದ ಐಆರ್‌ಸಿನೆಟ್ ಸಿಡಿಯಿತು.

ಮೂಲ ವ್ಯವಸ್ಥೆಯಲ್ಲಿ ಸರ್ವರ್ ಮಾತನ್ನು ಕೂಡಿಡುವುದಿಲ್ಲ. ಆ ಹೊತ್ತಿಗೆ ಇದ್ದವರು ಕೇಳಿದರು, ಇಲ್ಲದವರಿಗೆ ಅದು ತಪ್ಪಿತು. ಯಾರಾದರೂ ತಮ್ಮ ಯಂತ್ರದಲ್ಲಿ ದಾಖಲೆ ಇಟ್ಟುಕೊಂಡರೆ ಮಾತ್ರ ಉಳಿವು. 1991ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದ ಕ್ಷಿಪ್ರಕ್ರಾಂತಿಯ ಯತ್ನ ನಡೆದ ದಿನಗಳ ಐಆರ್‌ಸಿ ಮಾತುಕತೆ ಇಂದಿಗೂ ಓದಲು ಸಿಗುವುದು ಹೀಗೆ. 2013ರಲ್ಲಿ ಬಂದ ಸ್ಲ್ಯಾಕ್ ಎಂಬ ಚಾಟ್ ತಂತ್ರಾಂಶದ ಬೀಜವೂ ಈ ಕೊರತೆಯಲ್ಲೇ ಇದೆ. ಒಂದು ಆಟವನ್ನು ಕಟ್ಟುತ್ತಿದ್ದ ತಂಡ ಐಆರ್‌ಸಿ ಬಳಸುತ್ತಾ, ಹಳೆಯ ಮಾತು ಹುಡುಕುವಂಥ ಅನುಕೂಲಗಳನ್ನು ಅದಕ್ಕೆ ಸೇರಿಸುತ್ತಾ ಹೋಯಿತು. ಕೊನೆಗೆ ಆಟ ನಿಂತು ಈ ಸಾಧನ ಉಳಿಯಿತು. ಚಾನೆಲ್ ಎಂಬ ಹೆಸರೂ # ಗುರುತೂ ಅಲ್ಲಿಗೆ ಹಾಗೇ ದಾಟಿಕೊಂಡವು.

ಸ್ಲ್ಯಾಕ್, ಡಿಸ್ಕಾರ್ಡ್‌ನಂಥ ಹೊಸ ಚಾಟ್ ತಂತ್ರಾಂಶಗಳು ಬಂದ ಮೇಲೆ ಐಆರ್‌ಸಿಯ ಜನ ಕರಗಿದ್ದು ನಿಜ. ಆದರೆ 2021ರ ಮೇ ತಿಂಗಳಲ್ಲಿ ನಡೆದದ್ದನ್ನು ನೋಡಬೇಕು. ಮುಕ್ತ ತಂತ್ರಾಂಶದವರ ದೊಡ್ಡ ನೆಲೆಯಾಗಿದ್ದ ಫ್ರೀನೋಡ್‌ನ ಒಡೆತನದ ತಕರಾರಿನಲ್ಲಿ ಅದನ್ನು ನಡೆಸುತ್ತಿದ್ದ ಸ್ವಯಂಸೇವಕರಲ್ಲಿ ಬಹುಪಾಲು ಮಂದಿ ಹೊರಬಂದು ಲಿಬೆರಾ ಚಾಟ್ ಎಂಬ ಹೊಸ ಜಾಲ ತೆರೆದರು. ವಿಕಿಮೀಡಿಯಾ, ಉಬುಂಟು, ಜೆಂಟೂ ಮುಂತಾದ ಬಳಗಗಳು ಬೆನ್ನಿಗೇ ಹೊರಟವು. ನಿಯಮಾವಳಿ ಎಲ್ಲರದೂ ಆದ್ದರಿಂದ ಹೊಸ ತಂತ್ರಾಂಶ ಹಾಕಿಕೊಳ್ಳಬೇಕಾಗಿರಲಿಲ್ಲ. ಹಳೆಯ ಸರ್ವರ್‌ನ ಹೆಸರು ಅಳಿಸಿ ಹೊಸದನ್ನು ಬರೆದು, ಹಳೆಯ ಚಾನೆಲ್‌ನ ಹೆಸರನ್ನೇ ಮತ್ತೆ ಟೈಪ್ ಮಾಡಿದರೆ, ಅಲ್ಲಿ ಅದೇ ಅಡ್ಡಹೆಸರುಗಳು ಒಂದೊಂದಾಗಿ ಬಂದು ಸೇರುತ್ತಿದ್ದವು.