ಮೋಡೆಮಿನ ಸಂಪರ್ಕ ಕಡಿದುಹೋಗುತ್ತಿದ್ದುದೇಕೆ?

ಟೆಲಿಫೋನು ಹುಟ್ಟಿದುದು ಮನುಷ್ಯನ ಮಾತನ್ನು ದೂರಕ್ಕೆ ಸಾಗಿಸುವುದಕ್ಕಾಗಿ. ಆದರೂ 1990ರ ದಶಕದಲ್ಲಿ ಅಸಂಖ್ಯಾತ ಮನೆಗಳು ಅಂತರಜಾಲವನ್ನು ಪ್ರವೇಶಿಸಿದುದು ಅದೇ ತಾಮ್ರದ ಜೋಡಿ ತಂತಿಯ ಮೂಲಕ. ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಈ ಸೇವೆಯನ್ನು ಸಾರ್ವಜನಿಕರಿಗೆ ತೆರೆಯಿತು. ಕರೆ ಮುಂದುವರಿದಂತೆ ಟೆಲಿಫೋನಿನ ಶುಲ್ಕವೂ ಏರುತ್ತಿತ್ತು. ನಡುವೆ ಸಂಪರ್ಕ ಕಡಿಯಿತೆಂದರೆ ಹಣವೂ ವ್ಯರ್ಥ, ಅರ್ಧ ಬಂದ ಕಡತವೂ ವ್ಯರ್ಥ. ಹೀಗೇಕೆ ಆಗುತ್ತಿತ್ತು, ಅದರ ಕಾರಣವನ್ನು ಹೇಗೆ ಕಂಡುಹಿಡಿಯುತ್ತಿದ್ದರು ಎಂಬುದನ್ನು ನಾವೀಗ ವಿಚಾರಿಸೋಣ.

ಕಂಪ್ಯೂಟರಿನ ಅಂಕಿಗಳನ್ನು ಸ್ವರಗಳನ್ನಾಗಿಯೂ, ಬಂದ ಸ್ವರಗಳನ್ನು ಮತ್ತೆ ಅಂಕಿಗಳನ್ನಾಗಿಯೂ ಮಾರ್ಪಡಿಸುವ ಉಪಕರಣವೇ ಮೋಡೆಮು. ಟೆಲಿಫೋನಿನ ವ್ಯವಸ್ಥೆಯು ಸೆಕೆಂಡಿಗೆ ಸುಮಾರು 300ರಿಂದ 3,400 ಕಂಪನಗಳವರೆಗಿನ ಸ್ವರಗಳನ್ನು ಮಾತ್ರ ಸಾಗಿಸುತ್ತದೆ. ಇಂತಹ ಇಕ್ಕಟ್ಟಿನ ಹಾದಿಯಲ್ಲಿ ಎಷ್ಟು ಅಂಕಿಗಳು ತಪ್ಪಿಲ್ಲದೆ ಹೋಗಬಲ್ಲವು? 1948ರಲ್ಲಿ ಕ್ಲಾಡ್ ಶ್ಯಾನನ್ ಈ ಪ್ರಶ್ನೆಗೆ ಉತ್ತರವಿತ್ತನು. ಹಾದಿಯ ಅಗಲದಂತೆಯೇ ಗದ್ದಲದ ಪ್ರಮಾಣವೂ ಅದನ್ನು ನಿರ್ಧರಿಸುತ್ತದೆ. ಸಂಕೇತದ ಶಕ್ತಿ ಗದ್ದಲದ ಸಾವಿರ ಪಟ್ಟು ಇದ್ದರೆ, ಸೆಕೆಂಡಿಗೆ ಸುಮಾರು 31,000 ಬಿಟ್‌ಗಳೇ ಪರಮಾವಧಿ. ನೂರು ಪಟ್ಟಿಗಿಳಿದರೆ ಅದು 20,600ಕ್ಕೆ ಕುಸಿಯುತ್ತದೆ. ಆದುದರಿಂದ 1996ರ ವೇಳೆಗೆ 33,600 ಬಿಟ್‌ಗಳ ವೇಗವನ್ನು ಮುಟ್ಟಿದ್ದ ಮೋಡೆಮುಗಳಿಗೆ ಬಹು ಶುದ್ಧವಾದ ತಂತಿಯೇ ಬೇಕಾಗಿತ್ತು. ಮಾತನಾಡುವವರ ಕಿವಿ ಲೆಕ್ಕಿಸದಿದ್ದ ಚಿಟಚಿಟ ಸದ್ದು ಮೋಡೆಮಿನ ಪಾಲಿಗೆ ದೊಡ್ಡ ವಿಘ್ನವಾಗುತ್ತಿತ್ತು.

ಸಂಪರ್ಕ ಯಾವಾಗ ಕಡಿಯುತ್ತದೆಂಬುದನ್ನು ಗಮನಿಸುವುದೇ ಪರೀಕ್ಷೆಯ ಮೊದಲ ಹೆಜ್ಜೆ. ಮಳೆ ಬಂದಾಗಲೆಲ್ಲ ಕಡಿದರೆ ತಂತಿಯ ಕೂಡುಗಳಲ್ಲಿ ತೇವ ಸೇರಿರಬಹುದು. ಅದೇ ತಂತಿಗೆ ಸೇರಿದ ಇನ್ನೊಂದು ಟೆಲಿಫೋನನ್ನು ಯಾರಾದರೂ ಎತ್ತಿದಾಗ ಕಡಿದರೆ ಕಾರಣ ಸ್ಪಷ್ಟ. ಸುಮ್ಮನಿದ್ದ ಇಷ್ಟೇ ನಿಮಿಷಗಳ ಬಳಿಕ ತಪ್ಪದೆ ಕಡಿಯುತ್ತಿದ್ದರೆ ದೋಷ ತಂತಿಯದಲ್ಲ; ಕೆಲಸವಿಲ್ಲದ ಕರೆಯನ್ನು ಸೇವಾ ಸಂಸ್ಥೆಯ ಯಂತ್ರವೇ ಮುಗಿಸುತ್ತಿರಬೇಕು. ಇನ್ನೊಂದು ಕರೆ ಕಾದಿದೆಯೆಂದು ತಿಳಿಸುವ ಸ್ವರವೂ ಮೋಡೆಮುಗಳ ಸಂಭಾಷಣೆಯನ್ನು ಕ್ಷಣಕಾಲ ತಡೆಯುತ್ತಿತ್ತು. ಎದುರಿನ ಸ್ವರ ಸುಮಾರು 1.4 ಸೆಕೆಂಡು ಕೇಳಿಸದೆ ಹೋದರೆ ಅನೇಕ ಮೋಡೆಮುಗಳು ಕರೆಯನ್ನು ಮುಗಿಸಿಬಿಡುತ್ತಿದ್ದವು. ಈ ಅವಧಿಯನ್ನು ಹೆಚ್ಚಿಸುವುದಕ್ಕೂ, ಕಾದಿರುವ ಕರೆಯ ಸೌಕರ್ಯವನ್ನು ನಿಲ್ಲಿಸುವುದಕ್ಕೂ ಅವಕಾಶವಿತ್ತು.

ಇಷ್ಟರಿಂದ ಕಾರಣ ತಿಳಿಯದಿದ್ದರೆ ಕಿವಿಗೇ ಕೆಲಸ. ಟೆಲಿಫೋನನ್ನೆತ್ತಿ ಒಂದೇ ಅಂಕಿಯನ್ನು ಒತ್ತಿದರೆ ಡಯಲಿನ ಸ್ವರ ನಿಲ್ಲುತ್ತದೆ. ಆ ನಿಶ್ಶಬ್ದದಲ್ಲಿ ತಂತಿಯ ಗದ್ದಲ ಕೇಳಿಬರುತ್ತದೆ. ಬಳಿಕ ಉಳಿದ ಎಲ್ಲ ಉಪಕರಣಗಳನ್ನೂ ಕಳಚಿ, ತಂತಿ ಮನೆಯನ್ನು ಪ್ರವೇಶಿಸುವ ಸ್ಥಳದಲ್ಲಿಯೇ ಮೋಡೆಮನ್ನು ಚಿಕ್ಕ ತಂತಿಯಿಂದ ಜೋಡಿಸಬೇಕು. ಈಗ ಸಂಪರ್ಕ ಕಡಿಯದೆ ಉಳಿದರೆ ದೋಷ ಮನೆಯೊಳಗಿನದು. ಕಳಚಿದವುಗಳನ್ನು ಒಂದೊಂದಾಗಿ ಮರಳಿ ಸೇರಿಸುತ್ತ ಹೋದರೆ ಅಪರಾಧಿ ತಾನೇ ಸಿಕ್ಕಿಬೀಳುತ್ತದೆ. ಆದರೂ ಕಡಿಯುತ್ತಿದ್ದರೆ ಬೇರೊಂದು ಮೋಡೆಮನ್ನು ಜೋಡಿಸಿ ನೋಡಬೇಕು. ಅದೂ ಫಲಿಸದಿದ್ದರೆ ಹೊರಗಿನ ತಂತಿಯ ದುರಸ್ತಿಗೆ ದೂರು ಕೊಡಬೇಕು. ಅದುವರೆಗೆ ಮೋಡೆಮಿನ ವೇಗವನ್ನು ತಗ್ಗಿಸಿಕೊಳ್ಳಬಹುದು. ನಿಧಾನವಾಗಿ ಆಡಿದ ಮಾತು ಸಂತೆಯಲ್ಲಿಯೂ ತಿಳಿಯುವಂತೆ, ಕಡಿಮೆ ವೇಗದ ಸಂಕೇತ ಹೆಚ್ಚು ಗದ್ದಲವನ್ನು ಸಹಿಸುತ್ತದೆ.

ಅಮೆರಿಕದ ಹೆಸರಾಂತ ಎ.ಒ.ಎಲ್. ಸಂಸ್ಥೆಯು ತನ್ನ ಇಂತಹ ಸೇವೆಯನ್ನು 2025ರ ಸೆಪ್ಟೆಂಬರ್ 30ರಂದು ನಿಲ್ಲಿಸಿತು. ಆದರೆ ಉಪಕರಣ ಹಳತಾದರೂ ವಿಧಾನ ಹಳತಾಗುವುದಿಲ್ಲ. ಒಮ್ಮೆಗೆ ಎರಡನ್ನು ಬದಲಾಯಿಸಿದವನಿಗೆ ಯಾವುದು ಫಲ ಕೊಟ್ಟಿತೆಂಬುದು ತಿಳಿಯದು. ಒಂದನ್ನೇ ಬದಲಾಯಿಸಿ ನೋಡುವವನಿಗೆ ಕಾರಣ ತಿಳಿಯುತ್ತದೆ. ಪ್ರಯೋಗಶಾಲೆಯಲ್ಲಿ ನಾವು ಅನುಸರಿಸುವ ನಿಯಮವೂ ಇದೇ.