ನಾಣ್ಯದ ಮೇಲಿನ ದೇವರು: ತಪ್ಪು ಕಲ್ಪನೆ ಮತ್ತು ವಾಸ್ತವ

ತಪ್ಪು ಕಲ್ಪನೆ: ಶಿವ, ವಿಷ್ಣು ಇದ್ದರೆ ಅದು ಹಿಂದೂ ಅರಸನದೇ ನಾಣ್ಯ.

ವಾಸ್ತವ: ಹಾಗೆಂದುಕೊಂಡವರು ಇಕ್ಕೇರಿ ವರಹವನ್ನೂ ಹೈದರಿ ವರಹವನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಕರಾವಳಿಯ ಮಿರ್ಜಾನ್, ಹೊನ್ನಾವರ ಕೆಳದಿ ನಾಯಕರ ಕೈಯಲ್ಲಿದ್ದಾಗ ಓಡಾಡಿದ್ದು ಇಕ್ಕೇರಿ ವರಹ. ಹುಣಸೆಬೀಜದಷ್ಟು ಚಿನ್ನ, ತೂಕ ಸುಮಾರು 3.4 ಗ್ರಾಂ. ಮುಂಬದಿಯಲ್ಲಿ ಉಮಾಮಹೇಶ್ವರ, ಶಿವನ ಕೈಯಲ್ಲಿ ತ್ರಿಶೂಲ ಮತ್ತು ಜಿಂಕೆ; ಹಿಂಬದಿಯಲ್ಲಿ ನಾಗರಿ ಲಿಪಿಯ ‘ಶ್ರೀ ಸದಾಶಿವ’. 1763ರಲ್ಲಿ ಆ ನಾಯಕರ ರಾಜಧಾನಿ ಬಿದನೂರು ಗೆದ್ದ ಹೈದರಾಲಿ ಮುಂಬದಿಯ ಉಮಾಮಹೇಶ್ವರನನ್ನು ಮುಟ್ಟಲಿಲ್ಲ. ಹಿಂಬದಿಯಲ್ಲಿ ಮಾತ್ರ ಸಣ್ಣ ಚುಕ್ಕಿಗಳ ನಡುವೆ ತನ್ನ ಹೆಸರಿನ ಮೊದಲ ಅರಬ್ಬಿ ಅಕ್ಷರ ಹೊಡೆಸಿದ. ಮೆಣಸು, ಅಕ್ಕಿ ಕೊಳ್ಳುವವರಿಗೆ ಆ ಚಿತ್ರದ ಮೇಲಿದ್ದ ಭರವಸೆ ಅವನಿಗೆ ಬೇಕಿತ್ತು ಎಂದೇ ನನ್ನ ಅನಿಸಿಕೆ.

ತಪ್ಪು ಕಲ್ಪನೆ: ಒಬ್ಬ ಅರಸನಿಗೆ ಒಂದೇ ದೇವರು.

ವಾಸ್ತವ: ವಿಜಯನಗರದ ಇಮ್ಮಡಿ ಹರಿಹರನ ವರಹಗಳಲ್ಲಿ ಉಮಾಮಹೇಶ್ವರನೂ ಉಂಟು, ಲಕ್ಷ್ಮೀನಾರಾಯಣನೂ ಉಂಟು. ಅಚ್ಯುತರಾಯನದಂತೂ ಆನೆಗಳನ್ನೇ ಎತ್ತಿ ಹಿಡಿದ ಗಂಡಭೇರುಂಡ.

ತಪ್ಪು ಕಲ್ಪನೆ: ನಾಣ್ಯಕ್ಕೆ ದೇವರನ್ನು ತಂದವರು ನಾವು ಮಾತ್ರ.

ವಾಸ್ತವ: ಕಾನ್‌ಸ್ಟಾಂಟಿನೋಪಲ್‌ನಲ್ಲಿ ಚಕ್ರವರ್ತಿ ಇಮ್ಮಡಿ ಜಸ್ಟಿನಿಯನ್ 7ನೇ ಶತಮಾನದ ಕೊನೆಗೆ ಚಿನ್ನದ ನಾಣ್ಯದ ಮುಂಬದಿಯನ್ನು ಕ್ರಿಸ್ತನಿಗೆ ಬಿಟ್ಟುಕೊಟ್ಟು, ತಾನು ಶಿಲುಬೆ ಹಿಡಿದು ಹಿಂಬದಿಗೆ ಹೋದ, ಅಲ್ಲಿ ತನ್ನನ್ನು ‘ಕ್ರಿಸ್ತನ ಸೇವಕ’ ಎಂದು ಬರೆಸಿಕೊಂಡ. ನಂತರ ವಿಗ್ರಹವಿರೋಧಿ ಚಕ್ರವರ್ತಿಗಳ ಕಾಲದಲ್ಲಿ ನಾಣ್ಯದಿಂದ ಮಾಯವಾಗಿದ್ದ ಕ್ರಿಸ್ತನ ಮುಖ 843ರ ನಂತರ ಮತ್ತೆ ಬಂತು. ಆ ಸಾಮ್ರಾಜ್ಯದ ಹಣ ನಮಗೆ ದೂರದ್ದೂ ಅಲ್ಲ. ಘಟ್ಟದ ಮೇಲಿನ ಹಾನಗಲ್ ತಾಲೂಕಿನ ಅಕ್ಕಿಆಲೂರಿನಲ್ಲಿ 5, 6ನೇ ಶತಮಾನದ ಚಿನ್ನದ ನಾಣ್ಯಗಳ ಗಂಟೇ ಸಿಕ್ಕಿದೆ. ಹಲವಕ್ಕೆ ಚಕ್ರವರ್ತಿಯ ತಲೆಯ ಮೇಲೆ ಎರಡೆರಡು ತೂತು. ಪೋಣಿಸಿ ಕಟ್ಟಿಕೊಂಡರೂ ಮುಖ ನೆಟ್ಟಗೆ ನಿಲ್ಲಬೇಕೆಂಬ ಕಾಳಜಿ ಅಲ್ಲಿ ಎದ್ದು ಕಾಣುತ್ತದೆ. ತೂತು ಬಿದ್ದದ್ದಕ್ಕೆ ಬೆಲೆಯಿಲ್ಲ ಎಂದು ಕರಗಿಸುವವರು ಇದನ್ನು ನೋಡಬೇಕು.

ತಪ್ಪು ಕಲ್ಪನೆ: ರಾಮಪಟ್ಟಾಭಿಷೇಕ, ಹನುಮಂತ ಇರುವ 1818ರ ಕಂಪನಿ ಕಾಸು ಲಕ್ಷಗಟ್ಟಲೆ ಬಾಳುತ್ತದೆ.

ವಾಸ್ತವ: ಈಸ್ಟ್ ಇಂಡಿಯಾ ಕಂಪನಿ ಅಂಥ ಕಾಸು ಹೊಡೆಸಲೇ ಇಲ್ಲ. ಅವು ಪೂಜೆಗೆಂದೋ ಮಾರಾಟಕ್ಕೆಂದೋ ಆಮೇಲೆ ಮಾಡಿದ ಬಿಲ್ಲೆಗಳು. ದೇವರ ಪೆಟ್ಟಿಗೆಯಲ್ಲಿ ಇಟ್ಟು ಪೂಜಿಸಿ, ತಪ್ಪಿಲ್ಲ. ಆದರೆ ಅದನ್ನು ನಂಬಿ ಸಾಲ ಮಾಡಿ ಕೊಳ್ಳಬೇಡಿ. ಕಂಪನಿ ನಿಜವಾಗಿ ದೇವರನ್ನು ಅಚ್ಚು ಹಾಕಿಸಿದ್ದು ಮದ್ರಾಸಿನ ಚಿನ್ನದ ವರಹದ ಮೇಲೆ. ಅದರಲ್ಲಿರುವುದು ಇಬ್ಬರು ದೇವಿಯರ ನಡುವೆ ನಿಂತ ವೆಂಕಟೇಶ್ವರ.